ಪ್ರತಿಕ್ರಿಯೆ: ಊರಿಗೆ ತಂದ ಲಗ್ನಪತ್ರಿಕೆ ಸುರುಳಿಯಾಗುತ್ತಿದ್ದರೆ

ಬೆಂಗಳೂರಲ್ಲಿ ಕೈಕಾಗದದ (ಕೈಯಿಂದ ತಯಾರಿಸಿದ ಕಾಗದದ) ಮೇಲೆ ನೀವೇ ಬರೆದು, ಇಳಕಲ್ ಸೀರೆಯ ಅಂಚು ಅಂಟಿಸಿ ವಿಜಯಪುರಕ್ಕೆ ತಂದ ಲಗ್ನಪತ್ರಿಕೆಗಳು ಸುರುಳಿಯಾಗುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕಾರಣ ಬಹುತೇಕ ಅಂಟಿನ ನೀರು. ಸೀರೆಯ ಅಂಚು ಅಂಟಿಸಿದಾಗ ಕಾಗದದ ಒಂದೇ ಬದಿ ನೆನೆದು ಹಿಗ್ಗಿದೆ. ವಿಜಯಪುರದ ಮೇ ತಿಂಗಳ ಒಣ ಬಿಸಿಗೆ ಅದೇ ಬದಿ ಕುಗ್ಗುತ್ತಿದೆ. ಫೋಟೊ ನೋಡದೆ ಖಚಿತ ಹೇಳಲಾರೆ, ಆದರೆ ಪತ್ರಿಕೆ ಸೀರೆಯ ಅಂಚು ಅಂಟಿಸಿದ ಬದಿಗೇ ಬಾಗಿದ್ದರೆ ಇದೇ ಇರಬೇಕು.

ಮೊದಲು ಬಿಸಿಲಲ್ಲಿ, ಫ್ಯಾನಿನ ಕೆಳಗೆ ಒಣಗಿಸುವುದನ್ನು ನಿಲ್ಲಿಸಿ. ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹಿಂಬದಿಯನ್ನು ಒಮ್ಮೆ ಮಾತ್ರ ಸವರಿ. ಮೊದಲು ಒಂದೇ ಪತ್ರಿಕೆಯ ಮೇಲೆ ಮಾಡಿ ನೋಡಿ. ನೀವು ಕೈಯಿಂದ ಬರೆದಿದ್ದೀರಿ, ಶಾಯಿ ಹರಡಿದರೆ ಆ ಶ್ರಮವೆಲ್ಲ ಹೋಗುತ್ತದೆ. ಹರಡದಿದ್ದರೆ ಎಲ್ಲವನ್ನೂ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಮಣೆ, ಅದರ ಮೇಲೆ ಜೋಳದ ಚೀಲ ಹೇರಿ ರಾತ್ರಿಯಿಡೀ ಬಿಡಿ. ಸುದ್ದಿಪತ್ರಿಕೆ ಬೇಡ, ಮಸಿ ಮೂಡುತ್ತದೆ.

ಎದ್ದ ಅಂಚಿಗೆ ಮತ್ತೆ ನೀರಂಟು ಹಚ್ಚಬೇಡಿ, ಎರಡೂ ಬದಿ ಅಂಟುವ ಟೇಪು ಸಾಕು. ಕೆಂಪು ಅಂಚು ಬಣ್ಣ ಬಿಡಬಹುದು, ಅದಕ್ಕೆ ಒದ್ದೆ ಬಟ್ಟೆ ತಾಗಿಸಬೇಡಿ.

ಮೂಲೆಗೆ ಅರಿಶಿನ-ಕುಂಕುಮ ಗಟ್ಟಿಯಾಗಿ ಕಲಸಿ, ಹಂಚಲು ಹೊರಡುವ ದಿನವೇ ಹಚ್ಚಿ. ಮನೆದೇವರ ಮುಂದಿಡುವ ಮೊದಲ ಪತ್ರಿಕೆಗೆ ನೇರವಾಗಿ ಕೂತದ್ದನ್ನೇ ಈಗಲೇ ಆರಿಸಿ ಎತ್ತಿಡಿ.