ಜಿಮ್ ಮುಗಿಸಿದ್ಮೇಲೆ ಪ್ರೋಟೀನ್ ಪೌಡರ್ ಬೇಕೇ ಬೇಕಾ, ಮನೆ ಊಟ ಸಾಕಾಗಲ್ವಾ?

ಸಾಕಾಗುತ್ತೆ, ಆದ್ರೆ ತಟ್ಟೇಲಿ ಏನಿದೆ ಅಂತ ನೋಡ್ಕೋಬೇಕು. ನಮ್ ಕೋಲಾರದ ಕಡೆ ಹುಡುಗ್ರು ವರ್ಕೌಟ್ ಮಾಡ್ಕೊಂಡ್ ಬಂದು ಎರಡು ಮುದ್ದೆ ಉಂಡ್ರೆ ಮುಗೀತು ಅಂದ್ಕೋತಾರೆ, ರಾಗಿ ಒಳ್ಳೇದೇ, ಆದ್ರೆ 100 ಗ್ರಾಂ ಹಿಟ್ಟಲ್ಲಿ ಪ್ರೋಟೀನ್ ಇರೋದು ಸುಮಾರು 7 ಗ್ರಾಂ. ಹುರುಳಿ, ಅವರೆ ಥರ ಒಣಕಾಳಲ್ಲಾದ್ರೆ 100 ಗ್ರಾಂಗೆ 20 ಗ್ರಾಂ ಮೇಲೇ ಸಿಗುತ್ತೆ. ಮನೇಲಿ ಬಸ್ಸಾರು ಮಾಡಿದಾಗ ಸಾರು ಮಾತ್ರ ಸುರ್ಕೊಂಡು ಉಣ್ಬೇಡಿ, ಪ್ರೋಟೀನ್ ಬಹುಪಾಲು ಉಳಿಯೋದು ಬಸಿದ ಕಾಳಲ್ಲೇ, ಅದರ ಪಲ್ಯ ಒಂದು ಬಟ್ಟಲು ತುಂಬ ಹಾಕ್ಕೊಳ್ಳಿ.

ಲೆಕ್ಕ ಹೇಳ್ಬೇಕಂದ್ರೆ ವ್ಯಾಯಾಮ ಮಾಡೋರಿಗೆ ದಿನಕ್ಕೆ ತೂಕದ ಒಂದೊಂದು ಕೆಜಿಗೂ 1.2ರಿಂದ 1.6 ಗ್ರಾಂ ಬೇಕು, 60 ಕೆಜಿ ಇದ್ರೆ 72ರಿಂದ 96 ಗ್ರಾಂ. ವರ್ಕೌಟ್ ಆದ್ಮೇಲಿನ ಊಟದಲ್ಲಿ 20-25 ಗ್ರಾಂ ಬಂದ್ರೆ ಚೆನ್ನಾಗಿರುತ್ತೆ, ಎರಡು ಬೇಯಿಸಿದ ಮೊಟ್ಟೆಗೆ 12, ಒಂದು ಲೋಟ ಹಾಲಿಗೆ 6, ಕಾಳು ಪಲ್ಯಕ್ಕೆ ಇನ್ನೊಂದು 6-7, ಆಗೋಯ್ತು. ಮೊಟ್ಟೆ ತಿನ್ನಲ್ಲ ಅಂದ್ರೆ ಸೋಯಾ ಚಂಕ್ಸ್, 25 ಗ್ರಾಂ ಒಣದಲ್ಲೇ 12-13 ಗ್ರಾಂ ಇರುತ್ತೆ.

ಅರ್ಧ ಗಂಟೆ ಒಳಗೇ ತಿನ್ಬೇಕು ಅಂತ ಓಡೋ ಅವಶ್ಯಕತೆ ಇಲ್ಲ, ಒಂದೆರಡು ಗಂಟೆ ತಡ ಆದ್ರೂ ಪರ್ವಾಗಿಲ್ಲ, ಇಡೀ ದಿನದ ಲೆಕ್ಕವೇ ಮುಖ್ಯ. ಕಿಡ್ನಿ ತೊಂದ್ರೆ ಇರೋರು ಮಾತ್ರ ಡಾಕ್ಟರನ್ನ ಕೇಳ್ದೆ ಪ್ರೋಟೀನ್ ಜಾಸ್ತಿ ಮಾಡ್ಬೇಡಿ.