ಹಪ್ಪಳದ ಲೇಬಲ್ ಬರೆಯೋಕೂ ಎಐ ಆಗುತ್ತಾ?

ಪ್ರಶ್ನೆ: ಮನೆಯಲ್ಲಿ ಹಲಸಿನ ಹಪ್ಪಳ ಮಾಡಿ, ವಾಟ್ಸಾಪ್‌ನಲ್ಲೇ ಆರ್ಡರ್ ತಗೊಂಡು ಮಾರುತ್ತೇನೆ. ಓದಿದ್ದು ಪಿಯುಸಿ. ಕಂಪ್ಯೂಟರ್ ಇಲ್ಲ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡೋದೂ ನಿಧಾನ. ಎಲ್ಲರೂ ಎಐ ಬಳಸಿ ಅಂತಾರೆ. ನನ್ನಂಥವರಿಗೆ ಅದರಿಂದ ಏನಾದರೂ ಉಪಯೋಗ ಇದೆಯಾ? ಕೋರ್ಸ್ ಮಾಡಬೇಕಾ?
– ಓದುಗರೊಬ್ಬರು, ಶಿರಸಿ

ಉತ್ತರ: ಕೋರ್ಸಿಗೆ ದುಡ್ಡು ಕೊಡಬೇಡಿ. ನಿಮ್ಮ ಕೆಲಸಕ್ಕೆ ಅದು ಬೇಕಾಗೇ ಇಲ್ಲ. ಉಪಯೋಗ ಖಂಡಿತ ಇದೆ.

ಜೆಮಿನಿ, ಚಾಟ್‌ಜಿಪಿಟಿ ಅನ್ನೋ ಎರಡು ಎಐ ಆ್ಯಪ್‌ಗಳಿಗೂ ಕನ್ನಡ ಅರ್ಥವಾಗುತ್ತದೆ, ಉತ್ತರವೂ ಕನ್ನಡದಲ್ಲೇ ಬರುತ್ತದೆ. ಎರಡರಲ್ಲೂ ದುಡ್ಡು ಕೊಡದೆ ಬಳಸುವ ದಾರಿ ಇದೆ, ನಿಮಗೆ ಅಷ್ಟು ಸಾಕು. ಟೈಪ್ ಮಾಡೋದು ಕಷ್ಟ ಅಂದರೆ ಮೈಕ್ ಗುರುತು ಒತ್ತಿ ಮಾತಾಡಿ. ಮನೆಮಾತಿನ ಶೈಲಿ ಕೆಲವು ಸಲ ಅದಕ್ಕೆ ಸರಿಯಾಗಿ ಕೇಳಿಸಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಿ.

ಏನು ಹೇಳಬೇಕು ಅನ್ನೋದೇ ಮುಖ್ಯ. ‘ಹಪ್ಪಳಕ್ಕೆ ಜಾಹೀರಾತು ಬರೆದುಕೊಡು’ ಅಂದರೆ ಯಾರದ್ದೋ ಹಪ್ಪಳಕ್ಕೆ ಬರೆದ ಹಾಗಿರುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ: ‘ನಾನು ಶಿರಸಿಯಲ್ಲಿ ಹಲಸಿನ ಹಪ್ಪಳ ಮಾಡುತ್ತೇನೆ. ಬಲಿತ ಹಲಸಿನಕಾಯಿಯ ತೊಳೆ, ಮೆಣಸು, ಕೊತ್ತಂಬರಿ, ಉಪ್ಪು ಇಷ್ಟೇ ಹಾಕುತ್ತೇನೆ. ಬಿಸಿಲಲ್ಲಿ ಒಣಗಿಸುತ್ತೇನೆ. ಪ್ಯಾಕೆಟ್ ಕಾಲು ಕೆಜಿ. ವಾಟ್ಸಾಪ್‌ನಲ್ಲಿ ಹಾಕೋಕೆ ನಾಲ್ಕು ಸಾಲು ಬರೆದುಕೊಡು, ನಾನು ಹೇಳದ ವಿಷಯ ಯಾವುದನ್ನೂ ಸೇರಿಸಬೇಡ.’ ಬಂದದ್ದು ಪುಸ್ತಕದ ಕನ್ನಡ ಅನಿಸಿದರೆ ‘ಇನ್ನೂ ಸರಳವಾಗಿ ಬರಿ’ ಅನ್ನಿ. ಎಷ್ಟು ಸಲ ಹೇಳಿದರೂ ಅದಕ್ಕೆ ಬೇಜಾರಿಲ್ಲ, ಅಂಜಬೇಡಿ.

‘ನಾನು ಹೇಳದ ವಿಷಯ ಸೇರಿಸಬೇಡ’ ಅನ್ನೋ ಮಾತು ಬಿಡಲೇಬೇಡಿ. ಅಂಗಡಿ ಹಪ್ಪಳ ಜಾಸ್ತಿ ಉದ್ದಿನದ್ದೇ ಅಲ್ವಾ, ಹಾಗಾಗಿ ನೀವು ಹೇಳದಿದ್ದರೂ ಎಐ ಪದಾರ್ಥಗಳ ಪಟ್ಟಿಗೆ ಉದ್ದಿನ ಹಿಟ್ಟು ಸೇರಿಸಿಬಿಡಬಹುದು, ‘ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಅಂತಲೂ ಬರೆಯಬಹುದು. ಎಐ ಗೊತ್ತಿಲ್ಲದ್ದನ್ನೂ ಗೊತ್ತಿರುವ ಧಾಟಿಯಲ್ಲೇ ಹೇಳುತ್ತದೆ, ಓದುವಾಗ ವ್ಯತ್ಯಾಸ ಕಾಣಿಸುವುದೇ ಇಲ್ಲ. ಇಂಥ ಮಾತು ಪ್ಯಾಕೆಟ್ ಮೇಲೆ ಅಚ್ಚಾದರೆ ಉತ್ತರ ಕೊಡಬೇಕಾದವರು ನೀವು. ಗಿರಾಕಿಯ ಆರೋಗ್ಯದ ವಿಷಯವೂ ಹೌದು.

ಲೇಬಲ್ಲಿನಲ್ಲಿ ಪದಾರ್ಥ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಿಮ್ಮ ವಿಳಾಸ, ಸಸ್ಯಾಹಾರ ಅಂತ ತಿಳಿಸುವ ಚೌಕದೊಳಗಿನ ಹಸಿರು ಚುಕ್ಕೆ, ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನೋಂದಣಿ ನಂಬರ್ ಇರಬೇಕು. ಮನೆಯಿಂದ ಮಾರುವವರಿಗೂ ಈ ನೋಂದಣಿ ಬೇಕು. ಸಾಲುಗಳನ್ನು ಜೋಡಿಸಿಕೊಡೋಕೆ ಎಐಗೆ ಹೇಳಿ, ನಂಬರ್ ಮಾತ್ರ ನಿಮ್ಮ ನೋಂದಣಿ ಪತ್ರ ನೋಡಿಕೊಂಡು ನೀವೇ ಹಾಕಿ. ನಿಯಮದ ಬಗ್ಗೆ ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ಕೇಳಿ.

ಬೆಂಗಳೂರಿನ ಗಿರಾಕಿ ಇಂಗ್ಲಿಷಿನಲ್ಲಿ ಮೆಸೇಜ್ ಮಾಡಿದರೆ ಅದನ್ನು ಅಂಟಿಸಿ ‘ಏನು ಕೇಳಿದ್ದಾರೆ?’ ಅನ್ನಿ, ಉತ್ತರವನ್ನೂ ಬರೆಸಿಕೊಳ್ಳಿ. ಗಿರಾಕಿಗಳ ಫೋನ್ ನಂಬರ್, ವಿಳಾಸ ಮಾತ್ರ ಹಾಕಬೇಡಿ. ಅವರು ಅದನ್ನು ನಿಮ್ಮನ್ನು ನಂಬಿ ಕೊಟ್ಟಿದ್ದು.

ಪ್ರಶ್ನೆ: ಬೆಳೆ ವಿಮೆ ಬಗ್ಗೆ ಇಂಗ್ಲಿಷಿನಲ್ಲಿ ಪತ್ರ ಬಂದಿದೆ. ಫೋಟೋ ತೆಗೆದು ಎಐಗೆ ಕೊಟ್ಟು ಅರ್ಥ ಕೇಳಬಹುದಾ?
– ಒಬ್ಬ ರೈತ, ಹಾವೇರಿ

ಉತ್ತರ: ಕೇಳಬಹುದು. ಫೋಟೋ ತೆಗೆಯುವ ಮೊದಲು ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಮೇಲೆ ಒಂದು ಚೀಟಿ ಇಟ್ಟು ಮುಚ್ಚಿ. ಸುಮ್ನೆ ‘ಅರ್ಥ ಹೇಳು’ ಅನ್ನಬೇಡಿ. ‘ನಾನೇನು ಮಾಡಬೇಕು, ಕೊನೆಯ ದಿನ ಯಾವುದು, ಅದು ಪತ್ರದ ಯಾವ ಸಾಲಿನಲ್ಲಿದೆ?’ ಅಂತ ಕೇಳಿ. ಇಂಗ್ಲಿಷ್ ಬರದಿದ್ದರೂ ಅಂಕಿ ಓದಬಹುದಲ್ಲ, ಅದು ಹೇಳಿದ ತಾರೀಕು, ಮೊತ್ತ ಪತ್ರದಲ್ಲೂ ಅದೇ ಇದೆಯಾ ನೋಡಿ. ಆಮೇಲೆ ಆ ಕೊನೆಯ ದಿನದೊಳಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಪತ್ರ ತಗೊಂಡು ಹೋಗಿ ತೋರಿಸಿ.