‘ಹೇಗೋ ನಡೆಯುತ್ತಿದೆ’ ಎಂದು ಅಸೆಸ್‌ಮೆಂಟ್‌ನಲ್ಲಿ ಹೇಳಬೇಡಿ

ಇಂಗ್ಲೆಂಡಿನ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತ ಸಂಸ್ಥೆಗಳಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿದ ವರ್ಷಗಳಿಂದಲೂ ಇಲ್ಲಿನ ಕನ್ನಡಿಗರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಇಲ್ಲಿ ಹೇಳುವುದು ಇಂಗ್ಲೆಂಡಿಗೆ ಮಾತ್ರ ಅನ್ವಯ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳ ಕಾನೂನು ಬೇರೆ.

ಪ್ರಶ್ನೆ: ನಮ್ಮ ಯಜಮಾನರಿಗೆ 76 ವರ್ಷ, ಡಿಮೆನ್ಷಿಯಾ ಇದೆ. ಸ್ನಾನ, ಊಟ, ಮಾತ್ರೆ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಕೌನ್ಸಿಲ್‌ನವರು ಬಂದು ಮಾತನಾಡಿಸಿ ಹೋದ ಮೇಲೆ ನನಗೆ ನೆರವಿನ ಅರ್ಹತೆ ಇಲ್ಲವೆಂದು ಪತ್ರ ಬಂದಿದೆ. ಗಂಡನನ್ನು ನೋಡಿಕೊಳ್ಳುವುದು ಹೆಂಡತಿಯ ಕರ್ತವ್ಯವೆಂದು ಹೀಗೆ ಮಾಡಿದರೇ?

ಅದು ಕಾರಣವಾಗಿದ್ದರೆ ಅವರು ಮಾಡಿದ್ದು ತಪ್ಪು. 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕೇರ್ ಆಕ್ಟ್ 2014ರ 10ನೇ ಸೆಕ್ಷನ್ ಪ್ರಕಾರ, ಆರೈಕೆ ಮಾಡುವವರಿಗೆ ನೆರವು ಬೇಕಾಗಿರಬಹುದು ಎಂದು ಮೇಲ್ನೋಟಕ್ಕೆ ಕಂಡರೂ ಸಾಕು, ಕೌನ್ಸಿಲ್ ಅವರದೇ ಆದ ಅಸೆಸ್‌ಮೆಂಟ್, ಅಂದರೆ ಅವರಿಗೆ ಏನು ನೆರವು ಬೇಕೆಂಬ ಪರಿಶೀಲನೆ, ಮಾಡಲೇಬೇಕು. ನಿಮ್ಮ ಬಳಿ ಎಷ್ಟು ಹಣವಿದೆ, ವಾರಕ್ಕೆ ಎಷ್ಟು ಗಂಟೆ ಆರೈಕೆ ಮಾಡುತ್ತೀರಿ ಎಂಬುದು ಅದಕ್ಕೆ ಅಡ್ಡಿಯಲ್ಲ. ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡಬೇಕೆಂದು ಹಲವರು ಹೇಳುವ ನಿಯಮ, ಆರೈಕೆ ಮಾಡುವವರಿಗೆ ಸರ್ಕಾರ ಕೊಡುವ ಕೇರರ್ಸ್ ಅಲೋವನ್ಸ್ ಎಂಬ ಭತ್ಯೆಗೆ ಸೇರಿದ್ದು, ಅಸೆಸ್‌ಮೆಂಟ್‌ಗಲ್ಲ. ಆರೈಕೆ ಮಾಡಲು ನಿಮಗೆ ಶಕ್ತಿ ಇದೆಯೇ ಎಂಬುದರ ಜೊತೆಗೆ ಮನಸ್ಸಿದೆಯೇ, ಮುಂದೆಯೂ ಇರುತ್ತದೆಯೇ ಎಂದೂ ಅವರು ಪರಿಶೀಲಿಸಬೇಕೆಂದು ಕಾನೂನು ಹೇಳುತ್ತದೆ. ಹೆಂಡತಿಯಾದವಳು ಮಾಡಿಯೇ ತೀರಬೇಕು ಎಂಬ ಮಾತು ಆ ಕಾನೂನಿನಲ್ಲಿ ಎಲ್ಲಿಯೂ ಇಲ್ಲ.

ಆದರೆ ಇಂಥ ಪತ್ರಗಳು ಬರುವುದಕ್ಕೆ ಬಹಳ ಸಲ ಬೇರೆಯೇ ಕಾರಣವಿರುತ್ತದೆ, ಅದನ್ನು ನೇರವಾಗಿಯೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯ ಮಹಿಳೆಯ ಮನೆಗೆ ಹೋಗಿದ್ದೆ. ನನಗಿಂತ ಮೊದಲು ಬಂದುಹೋದವರು ‘ಪತ್ನಿ ಚೆನ್ನಾಗಿ ನಿಭಾಯಿಸುತ್ತಿದ್ದಾರೆ’ ಎಂದು ಬರೆದು ಕಡತ ಮುಚ್ಚಿದ್ದರು. ಮೊದಲಿನವರು ಬಂದ ದಿನ ಆ ಮಹಿಳೆ ಬೆಳಿಗ್ಗೆ ಐದಕ್ಕೇ ಎದ್ದು ಮನೆ ಒರೆಸಿ, ಯಜಮಾನರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಬಂದವರ ಮುಂದೆ ಉಪ್ಪಿಟ್ಟು ಕಾಫಿ ಇಟ್ಟು, ಕೇಳಿದ ಪ್ರತಿ ಪ್ರಶ್ನೆಗೂ ‘ಪರವಾಗಿಲ್ಲ, ಹೇಗೋ ನಡೆಯುತ್ತಿದೆ’ ಎಂದಿದ್ದರಂತೆ. ರಾತ್ರಿ ಹೇಗೆ ಮಲಗುತ್ತೀರಿ ಎಂದು ನಾನು ಕೇಳಿದಾಗ ದಿಂಬಿನ ಕೆಳಗಿನಿಂದ ಹಳೆಯ ಸೀರೆಯ ಒಂದು ಪಟ್ಟಿಯನ್ನು ತೆಗೆದು ತೋರಿಸಿದರು. ಒಂದು ತುದಿ ಅವರ ಮಣಿಕಟ್ಟಿಗೆ, ಇನ್ನೊಂದು ಯಜಮಾನರ ಮಣಿಕಟ್ಟಿಗೆ. ಯಜಮಾನರು ನಡುರಾತ್ರಿ ಎದ್ದು ಬಾಗಿಲು ತೆರೆದು ಹೊರಗೆ ಹೋಗದಂತೆ ಎರಡು ವರ್ಷದಿಂದ ಹಾಗೆಯೇ ಮಲಗುತ್ತಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ.

ಕೌನ್ಸಿಲ್ ನಿರ್ಧರಿಸುವುದು ನೀವು ಹೇಳಿದ್ದರ ಮೇಲೆ. ಆರೈಕೆಯಿಂದ ನಿಮ್ಮ ದೈಹಿಕ ಅಥವಾ ಮಾನಸಿಕ ಆರೋಗ್ಯ ಕೆಡುತ್ತಿದೆಯೇ, ಕೆಡುವ ಅಪಾಯವಿದೆಯೇ. ಅಥವಾ ನಿಮ್ಮ ಊಟ, ಮನೆಯ ಅಚ್ಚುಕಟ್ಟು, ನೆಂಟರಿಷ್ಟರ ಒಡನಾಟ, ಉದ್ಯೋಗ, ಮನಸ್ಸಿಗೆ ಬಿಡುವು ಇವುಗಳಲ್ಲಿ ಯಾವುದಾದರೂ ಕೈತಪ್ಪುತ್ತಿದೆಯೇ. ಅದರಿಂದ ನಿಮ್ಮ ಬದುಕಿನ ಮೇಲೆ ಗಣನೀಯ ಪರಿಣಾಮವಾಗುತ್ತಿದೆಯೇ ಎಂಬುದೇ ಅರ್ಹತೆಯ ಅಳತೆ. ಯಜಮಾನರ ಕಾಯಿಲೆಯನ್ನು ಒಂದು ಗಂಟೆ ವಿವರಿಸಿ ನಿಮ್ಮ ಬಗ್ಗೆ ಒಂದು ಮಾತೂ ಆಡದಿದ್ದರೆ ಆ ಅಸೆಸ್‌ಮೆಂಟ್ ಟೊಳ್ಳಾಗಿಯೇ ಇರುತ್ತದೆ. ಆದ್ದರಿಂದ ಒಂದು ವಾರ ದಿನಚರಿ ಬರೆದಿಡಿ: ರಾತ್ರಿ ಎಷ್ಟು ಸಲ ಎದ್ದಿರಿ, ಯಜಮಾನರನ್ನು ಎತ್ತುವಾಗ ಬೆನ್ನು ಎಲ್ಲಿ ಹಿಡಿದುಕೊಂಡಿತು, ನಿಮ್ಮದೇ ಯಾವ ಡಾಕ್ಟರ್ ಅಪಾಯಿಂಟ್‌ಮೆಂಟ್ ತಪ್ಪಿತು, ಕೊನೆಯ ಸಲ ಒಬ್ಬರೇ ಹೊರಗೆ ಹೋಗಿದ್ದು ಯಾವಾಗ. ಸುಧಾರಿಸಿದ ದಿನವನ್ನಲ್ಲ, ಕೆಟ್ಟ ದಿನವನ್ನು ಹೇಳಿ. ನಿಮ್ಮ ಅಸೆಸ್‌ಮೆಂಟ್ ಯಜಮಾನರ ಅಸೆಸ್‌ಮೆಂಟ್‌ನಿಂದ ಪ್ರತ್ಯೇಕವಾಗಿ, ಅವರು ಇಲ್ಲದ ಕೋಣೆಯಲ್ಲಿ ಆಗಲಿ ಎಂದು ಕೇಳಿ. ಎರಡನ್ನೂ ಒಟ್ಟಿಗೆ ಮಾಡಲು ನಿಮ್ಮ ಒಪ್ಪಿಗೆ ಬೇಕು. ಯಜಮಾನರು ತಮಗೆ ಯಾರ ಸಹಾಯವೂ ಬೇಡವೆಂದು ಹಟ ಹಿಡಿದರೂ ನಿಮ್ಮ ಹಕ್ಕು ಹೋಗುವುದಿಲ್ಲ.

ಈಗ ಬಂದಿರುವ ಪತ್ರದ ವಿಚಾರ. ಅಸೆಸ್‌ಮೆಂಟ್‌ನ ಲಿಖಿತ ಪ್ರತಿಯನ್ನೂ ಅರ್ಹತೆ ಇಲ್ಲ ಎನ್ನುವುದಕ್ಕೆ ಲಿಖಿತ ಕಾರಣವನ್ನೂ ಅವರು ಕೊಡಬೇಕು, ಎರಡನ್ನೂ ಕೇಳಿ ಪಡೆಯಿರಿ. ಬಿಟ್ಟುಹೋದದ್ದನ್ನು ದಿನಚರಿಯ ಸಮೇತ ಬರೆದು ಮರುಪರಿಶೀಲನೆಗೆ ಕಳುಹಿಸಿ. ಅದಕ್ಕೂ ಒಪ್ಪದಿದ್ದರೆ ಕೌನ್ಸಿಲ್‌ಗೆ ದೂರು, ಅದಾದ ಮೇಲೆ ಕೌನ್ಸಿಲ್‌ಗಳ ಮೇಲಿನ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಓಂಬುಡ್ಸ್‌ಮನ್. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಬರವಣಿಗೆಯಲ್ಲಿ ಇಲ್ಲದ ದೂರನ್ನು ಆಮೇಲೆ ಸಾಬೀತುಪಡಿಸುವುದು ಕಷ್ಟ.

ನೆರವು ಕೇಳಿದರೆ ನಿಮ್ಮ ಹಣ, ಮನೆ ಹೋಗುತ್ತದೆ ಎಂಬ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಬಿಡಿ. ನಿಮಗೆ ಬಿಡುವು ಸಿಗಲೆಂದು ಯಜಮಾನರ ಬಳಿ ಯಾರನ್ನಾದರೂ ಕೂರಿಸಿದರೆ ಅದು ಕಾನೂನಿನ ಲೆಕ್ಕದಲ್ಲಿ ಅವರಿಗೆ ಕೊಟ್ಟ ಸೇವೆ, ಆದ್ದರಿಂದ ನೋಡುವುದು ಅವರ ಹಣಕಾಸನ್ನು ಮಾತ್ರ. ಅವರ ಹೆಸರಿನ ಉಳಿತಾಯ 23,250 ಪೌಂಡ್ ಮೀರಿದ್ದರೆ ಪೂರ್ತಿ ಖರ್ಚು ಅವರದೇ. ಜಂಟಿ ಖಾತೆಯಾದರೆ ಸಾಮಾನ್ಯವಾಗಿ ಅರ್ಧವನ್ನು ಮಾತ್ರ ಅವರದೆಂದು ಎಣಿಸುತ್ತಾರೆ. ಮನೆಯಲ್ಲಿಯೇ ಕೊಡುವ ಆರೈಕೆಗೆ ವಾಸದ ಮನೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಮನೆ ಕಿತ್ತುಕೊಳ್ಳುತ್ತಾರೆ’ ಎಂದು ಹೆದರಿಸುವವರ ಮಾತಿಗೆ ಕಿವಿಗೊಟ್ಟು ಎಷ್ಟೋ ಜನ ಬಾಗಿಲು ಹಾಕಿಕೊಂಡು ಸವೆಯುತ್ತಿದ್ದಾರೆ.

ಪ್ರಶ್ನೆ: ನನಗೆ ಸ್ಟೇಟ್ ಪೆನ್ಷನ್ ಬರುವುದರಿಂದ ಕೇರರ್ಸ್ ಅಲೋವನ್ಸ್ ಕೊಡುವುದಿಲ್ಲವಂತೆ. ಅರ್ಜಿ ಹಾಕಿ ಏನು ಪ್ರಯೋಜನ?

ಹಾಕಿ. 2025-26ರಲ್ಲಿ ಈ ಭತ್ಯೆ ವಾರಕ್ಕೆ 83.30 ಪೌಂಡ್ ಇತ್ತು. ನಿಮ್ಮ ಪೆನ್ಷನ್ ಭತ್ಯೆಗಿಂತ ಹೆಚ್ಚಿದ್ದರೆ ಹಣ ಬರುವುದಿಲ್ಲ, ಆದರೆ ಅರ್ಹತೆ ದಾಖಲಾಗಿ ಕಡಿಮೆ ಆದಾಯದ ಹಿರಿಯರಿಗೆ ಸಿಗುವ ಪೆನ್ಷನ್ ಕ್ರೆಡಿಟ್ ಎಂಬ ನೆರವಿನ ಲೆಕ್ಕದಲ್ಲಿ ಹೆಚ್ಚುವರಿ ಮೊತ್ತ ಸೇರುತ್ತದೆ (2025-26ರಲ್ಲಿ ಅದು ವಾರಕ್ಕೆ 46.40 ಪೌಂಡ್ ಇತ್ತು). ಅದಕ್ಕೂ ಮೊದಲು, ನೀವು ಆರೈಕೆ ಮಾಡುವವರಿಗೆ ಅಟೆಂಡೆನ್ಸ್ ಅಲೋವನ್ಸ್‌ನಂಥ (ಇನ್ನೊಬ್ಬರ ಆರೈಕೆ ಬೇಕಾದ ಹಿರಿಯರಿಗೆ ಸಿಗುವ) ಭತ್ಯೆ ಮಂಜೂರಾಗಿರಬೇಕು.

ಪ್ರಶ್ನೆ: ಹೆಂಡತಿಯ ಆರೈಕೆ ಮಾಡುವವನೆಂದು ಮನೆಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ರಿಯಾಯಿತಿ ಸಿಗುತ್ತದೆಯೇ?

ಕೇರರ್ ಎಂಬ ಕಾರಣಕ್ಕೆ ಸಿಗುವುದಿಲ್ಲ. ಆ ವಿನಾಯಿತಿ ಗಂಡ-ಹೆಂಡತಿಗೆ ಇಲ್ಲ. ಆದರೆ ನಿಮ್ಮ ಪತ್ನಿಗೆ ಡಿಮೆನ್ಷಿಯಾದಂಥ ಕಾಯಿಲೆ ಇದ್ದು, ಡಾಕ್ಟರ್ ಪ್ರಮಾಣಪತ್ರ ಕೊಟ್ಟು, ಅಟೆಂಡೆನ್ಸ್ ಅಲೋವನ್ಸ್‌ನಂಥ ಭತ್ಯೆಗೆ ಅರ್ಹರಾಗಿದ್ದರೆ ಅವರನ್ನು ಲೆಕ್ಕದಿಂದ ಬಿಡುತ್ತಾರೆ. ಆಗ ಇಬ್ಬರೇ ಇರುವ ಮನೆಯ ಬಿಲ್ಲಿನಲ್ಲಿ ಶೇ 25 ಇಳಿಯುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ಫಾರಂ ತುಂಬಿಕೊಡಲು ಮಂಜೂರಾದ ಹಣದಲ್ಲಿ ಪಾಲು ಕೇಳುತ್ತಿದ್ದಾರೆ.

ಒಂದು ಪೆನ್ನಿಯನ್ನೂ ಕೊಡಬೇಡಿ. ಏಜ್ ಯುಕೆ, ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳಲ್ಲಿ ಉಚಿತವಾಗಿ ಸಹಾಯ ಸಿಗುತ್ತದೆ. ಕಾಯಿಲೆಯವರ ಹಣದಲ್ಲಿ ಪಾಲು ಕೇಳುವುದು ನಾಚಿಕೆಗೇಡು.

ಪ್ರಶ್ನೆ: ಊರಿನಲ್ಲಿ ಒಬ್ಬರು ಎಣ್ಣೆ ಚಿಕಿತ್ಸೆಯಿಂದ ಅಲ್ಜೈಮರ್ಸ್ ವಾಸಿ ಮಾಡುತ್ತಾರಂತೆ. ಕರೆದುಕೊಂಡು ಹೋಗಲೇ?

ಬೇಡ. ಅಲ್ಜೈಮರ್ಸ್ ವಾಸಿ ಮಾಡುವ ಔಷಧ ಇಂದಿಗೂ ಇಲ್ಲ, ವಾಸಿ ಮಾಡುತ್ತೇನೆನ್ನುವವನು ಮೋಸಗಾರ.

ಪ್ರಶ್ನೆ: ನಾವು ವರ್ಕ್ ವೀಸಾದಲ್ಲಿದ್ದೇವೆ. ಕೌನ್ಸಿಲ್‌ಗೆ ಕರೆ ಮಾಡಿದರೆ ವೀಸಾಗೆ ತೊಂದರೆಯೇ?

ಸಾರ್ವಜನಿಕ ನಿಧಿ ಪಡೆಯಬಾರದೆಂಬ ಷರತ್ತು ನಿಮ್ಮ ವೀಸಾದಲ್ಲಿದ್ದರೆ ಕೇರರ್ಸ್ ಅಲೋವನ್ಸ್, ಅಟೆಂಡೆನ್ಸ್ ಅಲೋವನ್ಸ್‌ಗೆ ಅರ್ಜಿ ಹಾಕಬೇಡಿ. ಕೇರ್ ಆಕ್ಟ್‌ನ ಅಸೆಸ್‌ಮೆಂಟ್ ಆ ನಿಧಿಗಳ ಪಟ್ಟಿಯಲ್ಲಿಲ್ಲ. ಆದರೂ ಮೊದಲು ನೋಂದಾಯಿತ ವಲಸೆ ಸಲಹೆಗಾರರನ್ನು ಕೇಳಿ. ವೀಸಾ ವಿಷಯದಲ್ಲಿ ನಾನು ಯಾರಿಗೂ ಧೈರ್ಯದ ಮಾತು ಹೇಳುವುದಿಲ್ಲ.

ಪ್ರಶ್ನೆ: ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಮಗ ಅನುವಾದ ಮಾಡಿದರೆ ಸಾಕಲ್ಲವೇ?

ಸಾಲದು. ಶೌಚದ ವಿಷಯ, ರಾತ್ರಿಯ ಅಳು, ಕೈ ಎತ್ತಿದ ಸಂಗತಿ ಇವನ್ನು ಯಾವ ತಾಯಿಯೂ ಮಗನ ಬಾಯಲ್ಲಿ ಹೇಳಿಸುವುದಿಲ್ಲ. ಕೌನ್ಸಿಲ್‌ನಿಂದಲೇ ದುಭಾಷಿಯನ್ನು ಕೇಳಿ, ಅರ್ಜಿಯಲ್ಲಿ ‘ಭಾರತೀಯ ಭಾಷೆ’ ಎಂದು ಬಿಡದೆ ‘ಕನ್ನಡ’ ಎಂದೇ ಬರೆಸಿ. ಇಲ್ಲವಾದರೆ ಹಿಂದಿಯವರು ಬಂದು ಆ ದಿನ ವ್ಯರ್ಥವಾಗುತ್ತದೆ.